ಇಪ್ಪತ್ತು ಮೊದಲೋ, ಹತ್ತು ಮೊದಲೋ

ನನ್ನ ಅಕ್ಕನ ಮಗಳ ಮದುವೆ ಮುರಿಯುವ ಹಂತಕ್ಕೆ ಬಂದದ್ದು ಜಾತಕದಿಂದಲ್ಲ, ಶೇಕಡಾವಾರು ಲೆಕ್ಕದಿಂದ.

ಮದುವೆಯ ಜವಳಿ ಕೊಳ್ಳಲು ಯಾದಗಿರಿಯ ಅಂಗಡಿಯೊಂದರಲ್ಲಿ ಸೇರಿದ್ದೆವು. ಹೆಣ್ಣಿನ ಕಡೆಯ ನಾವು ಶಹಾಪುರದವರು, ಗಂಡಿನ ಕಡೆಯವರು ಸುರಪುರದವರು. ಖರ್ಚು ಅರ್ಧರ್ಧ ಎಂದು ಮೊದಲೇ ಮಾತಾಗಿತ್ತು. ಬಟ್ಟೆಯ ಬೆಲೆ ನಲವತ್ತು ಸಾವಿರಕ್ಕೆ ಮುಟ್ಟಿತು. ನನ್ನ ಭಾವ ಹಳೆಯ ಗಿರಾಕಿಯ ಕಾರ್ಡು ತೆಗೆದರು: ಶೇಕಡಾ ಇಪ್ಪತ್ತು ರಿಯಾಯಿತಿ. ವರನ ತಂದೆ ಪತ್ರಿಕೆಯಿಂದ ಕತ್ತರಿಸಿ ತಂದ ಕೂಪನ್ನು ತೆಗೆದರು: ಶೇಕಡಾ ಹತ್ತು. ಅಂಗಡಿಯ ಸಾಹುಕಾರ ಎರಡಕ್ಕೂ ಒಪ್ಪಿದ.

"ಮೊದಲ ಒಂದು ಕಡೀತೀನ್ರಿ. ಉಳಿದಿದ್ದರ ಮ್ಯಾಲ ಇನ್ನೊಂದು."

ಆ 'ಮೊದಲ' ಯಾರದು ಎಂಬಲ್ಲಿ ಬೆಂಕಿ ಹತ್ತಿತು.

"ಗಂಡಿನ ಕಡ್ಯಾವ್ರು ನಾವು. ನಮ್ಮ ಹತ್ತು ಮುಂದ ಹೋಗಲಿ, ನಿಮ್ದು ಹಿಂದ ಬರಲಿ" ಎಂದರು ಬೀಗರು.

"ಇಪ್ಪತ್ತು ಹೋಗಿ ಹತ್ತರ ಹಿಂದ ನಿಂದರಬೇಕೇನ್ರಿ ಬೀಗರ?" ಎಂದರು ಭಾವ.

ಗಣಿತದ ನಿವೃತ್ತ ಮಾಸ್ತರನಾದ ನಾನು ಧರ್ಮಪೀಠವೇರಿದೆ. ಇಪ್ಪತ್ತು ಮೊದಲು ಕಡಿದರೆ ಮೂವತ್ತೆರಡು ಸಾವಿರ, ಅದರಲ್ಲಿ ಹತ್ತು ಕಡಿದರೆ ಇಪ್ಪತ್ತೆಂಟು ಸಾವಿರದ ಎಂಟುನೂರು. ಹತ್ತು ಮೊದಲಾದರೆ ಮೂವತ್ತಾರು ಸಾವಿರ, ಕೊನೆಗೆ ಅದೇ ಇಪ್ಪತ್ತೆಂಟು ಸಾವಿರದ ಎಂಟುನೂರು. "ಯಾರು ಮುಂದಾದ್ರೂ ಅಷ್ಟ, ಹಿಂದಾದ್ರೂ ಅಷ್ಟರಿ" ಎಂದು ತೀರ್ಪಿತ್ತೆ.

ಗಂಡಿನ ಕಡೆ, ಹೆಣ್ಣಿನ ಕಡೆ ಎರಡೂ ಒಂದೇ ಎನ್ನುವ ಗಣಿತವನ್ನು ಬೀಗರು ಜನ್ಮದಲ್ಲಿ ಕೇಳಿರಲಿಲ್ಲ. "ಅಂದ್ರ ನಮಗ ಕಿಮ್ಮತ್ತ ಇಲ್ಲೇನ್ರಿ ಮಾಸ್ತರ?" ಎನ್ನುತ್ತ ಎದ್ದು ಚಪ್ಪಲಿ ಮೆಟ್ಟಿದರು. ಭಾವನೂ ನನ್ನನ್ನು ದ್ರೋಹಿಯಂತೆ ನೋಡಿದರು. ಅಕ್ಕ ಸರಿದು ಬಂದು ನನ್ನ ಪಕ್ಕದಲ್ಲೇ ಕೂತಳು.

ಸಾಹುಕಾರ ಕೈಮುಗಿದ. "ಕೂಡ್ರಿ ಯಜಮಾನ್ರ. ಹಿಂದೂ ಬ್ಯಾಡ, ಮುಂದೂ ಬ್ಯಾಡ. ಇಬ್ಬರದೂ ಕೂಡಿಸಿ ಒಮ್ಮಿಗೇ ಇಪ್ಪತ್ತೈದು ಕಡೀತೀನಿ. ಮೂವತ್ತು ಸಾವಿರ ಕೊಡ್ರಿ."

"ಹಾಂ, ಇದು ನ್ಯಾಯ!" ಎಂದರು ಇಬ್ಬರೂ, ಒಂದೇ ಉಸಿರಿನಲ್ಲಿ.

ನಾನು ಬಾಯಿ ತೆರೆದೆ. ಅಕ್ಕ ತೊಡೆ ಚಿವುಟಿದಳು.

"ಸುಮ್ಕಿರೋ ತಮ್ಮಾ! ಸಾವಿರದ ಇನ್ನೂರು ಹೋದ್ರ ಹೋಗ್ಲಿ. ಲಗ್ನ ನಿಂತ್ರ ನಿನ್ನ ಗಣಿತ ಬಂದು ತಾಳಿ ಕಟ್ಟತದೇನು?"

ಅವಳಿಗೂ ಲೆಕ್ಕ ಬರುತ್ತಿತ್ತು.

ಚಹಾ ಬಂತು. ಸಾಹುಕಾರ ಒಂದು ಗಳಿಗೆ ಯೋಚಿಸಿ, ಎರಡೂ ಕೈಯಲ್ಲಿ ಒಂದೊಂದು ಕಪ್ಪು ಹಿಡಿದು, ಇಬ್ಬರು ಬೀಗರಿಗೂ ಒಟ್ಟಿಗೇ ಚಾಚಿದ.