ಹಡಗಿಗೆ ಕಾದ ಬಾಟಲಿ

ನಮ್ಮ ಮನೆಗೆ ಬಂದವರೆಲ್ಲ ಟಿವಿ ಪಕ್ಕದ ಬಾಟಲಿ ನೋಡಿ ಕೇಳುವುದು ಒಂದೇ ಪ್ರಶ್ನೆ: ಇಷ್ಟು ಸಣ್ಣ ಬಾಯಿಯಲ್ಲಿ ಅಷ್ಟು ದೊಡ್ಡ ಹಡಗು ಹೇಗೆ ಒಳಗೆ ಹೋಯಿತು? ಜಾವಳಿಯಲ್ಲಿರುವ ನನ್ನ ಅಕ್ಕ, ಸೌತೆಮಿಡಿಗೆ ಬಾಟಲಿ ತೊಡಿಸಿ ಬೆಳೆಸುವಂತೆ ಇದನ್ನೂ ಒಳಗೇ ಬೆಳೆಸಿದಿರಾ ಎಂದು ಕೇಳಿದ್ದಳು. ನನಗಾದರೋ ಹಡಗು ಒಳಗೆ ಹೋದದ್ದಕ್ಕಿಂತ, ಮೊದಲು ಬಾಟಲಿಯಲ್ಲಿದ್ದದ್ದು ಹೊರಗೆ ಹೋದ ಕಥೆಯೇ ದೊಡ್ಡದು.

ಗೋಣಿಬೀಡಿನ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಕತ್ತಲಾಯಿತೆಂದರೆ ನಮ್ಮ ಯಜಮಾನರಿಗೆ ರಮ್ಮು ಬೇಕಿತ್ತು. ಗಲಾಟೆಯ ಕುಡಿತವಲ್ಲ, ಕುಡಿದು ನಗುತ್ತಾ ಮಲಗುವ ಮನುಷ್ಯ. ಹಾಗಾಗಿ ಜಗಳವಾಡುವ ಕೆಲಸವೆಲ್ಲ ನನ್ನ ಪಾಲಿಗೇ ಬಂದಿತ್ತು. ಒಂದು ವರ್ಷ ಮಳೆ ಹಿಡಿಯುವ ಮುಂಚೆ ಚಿಕ್ಕಮಗಳೂರಿನ ಡಾಕ್ಟರು ಲಿವರ್ ರಿಪೋರ್ಟ್ ನೋಡಿ, "ಇನ್ನೊಂದು ತೊಟ್ಟು ಕುಡಿದ್ರೂ ನನ್ನ ಹತ್ರ ಬರ್ಬೇಡಿ" ಎಂದರು. ಬಸ್ಸಿನಲ್ಲಿ ರಿಪೋರ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಈ ಮನುಷ್ಯನಿಲ್ಲದ ಮನೆಯನ್ನು ನೆನೆದು ನನಗೆ ಭಯವಾಗಿತ್ತು.

ಮನೆಗೆ ಬಂದವಳೇ ಬೀರುವಿನಲ್ಲಿದ್ದ ಬಾಟಲಿಗೆ ಕೈ ಹಾಕಿದೆ. ತಳದಲ್ಲಿ ಇನ್ನೂ ಸಾಕಷ್ಟು ಉಳಿದಿತ್ತು. ಅವರು ತಡೆದರು.

"ಅದು ಅಲ್ಲೇ ಇರ್ಲಿ ಮಾರಾಯ್ತಿ. ಕಣ್ಣೆದುರು ಇದ್ದೂ ಕುಡೀದಿದ್ರೆ ತಾನೇ ಬಿಟ್ಟಂಗೆ?"

"ಬೆಕ್ಕಿನ ಮುಂದೆ ಹಾಲಿಟ್ಟು ಅದರ ಉಪವಾಸ ನೋಡ್ಬೇಕಾ ನಾನು? ಹುಟ್ಟುಗುಣ ಸುಟ್ಟರೂ ಹೋಗಲ್ಲ ರೀ."

ಅವರು ಪಟ್ಟು ಬಿಡಲಿಲ್ಲ. ನಾನೂ ಸುಮ್ಮನಿರುವವಳಲ್ಲ. ಅವರು ಸ್ನಾನಕ್ಕೆ ಹೋದಾಗ ನನ್ನ ಹಣೆಯ ಕೆಂಪು ಸ್ಟಿಕರ್ ಕಿತ್ತು, ಬಾಟಲಿಯ ಹಿಂಬದಿಯಲ್ಲಿ ರಮ್ಮಿನ ಮಟ್ಟಕ್ಕೆ ಸರಿಯಾಗಿ ಅಂಟಿಸಿದೆ. ಕೂದಲೆಳೆಯಷ್ಟು ಇಳಿದರೂ ನನಗೆ ಗೊತ್ತಾಗಬೇಕು.

ಸಂಜೆಯಾದರೆ ಅವರ ಕೈಗೆ ಏನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ. ಒಂದು ದಿನ ಫೋನಿನಲ್ಲಿ, ಯಾರೋ ಬಾಟಲಿಯೊಳಗೆ ಹಾಯಿಹಡಗು ಕಟ್ಟುವುದನ್ನು ನೋಡಿ, "ಇದನ್ನ ನಾನೂ ಮಾಡ್ತೀನಿ. ಮುಗಿದ ದಿನ ಆ ಬಾಟ್ಲಿ ಖಾಲಿ ಮಾಡಿ ಅದರೊಳಗೇ ಇಡ್ತೀನಿ" ಎಂದರು. ಹೇಗೆ ಖಾಲಿ ಮಾಡುತ್ತಾರೆಂದು ಹೇಳಲಿಲ್ಲ. ಇಷ್ಟು ಬಾಯಿಯಿದ್ದೂ ನನಗೆ ಕೇಳಲು ಧೈರ್ಯ ಬರಲಿಲ್ಲ.

ಮಳೆಗಾಲವಿಡೀ ಹಡಗಿನ ಕೆಲಸ. ಒಣಗಿದ ಕಾಫಿ ಗಿಡದ ಕಾಂಡ ಕೆತ್ತಿ ಒಡಲು ಮಾಡಿದರು, ಬಿದಿರು ಸೀಳಿ ಹಾಯಿಕಂಬ. ತಮ್ಮ ಹಳೆಯ ಪಂಚೆಯ ಚೂರುಗಳನ್ನು ಗಂಜಿಯಲ್ಲಿ ಅದ್ದಿ ಹಾಯಿ. ನನ್ನ ಹೊಲಿಗೆ ಮಿಷನ್ನಿನ ದಾರ ಹೇಳದೆ ಕೇಳದೆ ಖಾಲಿಯಾಯಿತು. ಗುಟ್ಟು ಇಷ್ಟೇ: ಕಂಬಗಳು ಬುಡದಲ್ಲಿ ಮಡಚುತ್ತವೆ. ಹಾಯಿ ಸಮೇತ ಅವನ್ನು ಹಿಂದಕ್ಕೆ ಮಲಗಿಸಿ ಬಾಟಲಿಯ ಕತ್ತಿನಲ್ಲಿ ತೂರಿಸಬೇಕು. ಆಮೇಲೆ ಹೊರಗುಳಿದ ದಾರ ಎಳೆದರೆ ಎಲ್ಲವೂ ಎದ್ದು ನಿಲ್ಲುತ್ತವೆ. ಮೊದಮೊದಲು ಅವರ ಬೆರಳು ನಡುಗಿ ಕಂಬಗಳು ಮುರಿಯುತ್ತಿದ್ದವು. ರಮ್ಮಿನ ಜೊತೆಗೆ ಕೊಡುತ್ತಿದ್ದ ಖಾರದ ಕಡಲೆಯನ್ನು ನಾನು ಹಡಗಿನ ಜೊತೆಗೆ ಕೊಟ್ಟೆ.

ಕರೆಂಟಿಲ್ಲದ ಒಂದು ಸಂಜೆ ದೊಡ್ಡ ಕಂಬವೇ ಲಟಕ್ಕನೆ ಮುರಿಯಿತು. ಅವರು ಎದ್ದು ಬೀರು ತೆಗೆದರು. ನಾನು ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತೆ. ಬಾಟಲಿ ಹೊರಬಂತು, ಮುಚ್ಚಳವನ್ನೂ ತಿರುಗಿಸಿದರು. ಬಾಯಿಗೆ ಒಂದು ಕಡ್ಡಿ ಅಡ್ಡ ಹಿಡಿದು ಕತ್ತಿನ ಅಗಲ ಅಳೆದುಕೊಂಡು, ಮುಚ್ಚಿ ಮತ್ತೆ ಒಳಗಿಟ್ಟರು. ಅಷ್ಟರಲ್ಲಿ ಪಲ್ಯ ಸೀದುಹೋಗಿತ್ತು. ಇಬ್ಬರೂ ಅದನ್ನೇ ತಿಂದೆವು.

ಕೊಯ್ಲು ಮುಗಿದು ಕಣದಲ್ಲಿ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಪಾರ್ಚ್‌ಮೆಂಟ್ ಕಾಫಿ ಒಣಗುತ್ತಿದ್ದ ಒಂದು ಬೆಳಿಗ್ಗೆ ಹಡಗು ಮುಗಿಯಿತು. ಅವರು ಬಾಟಲಿ ಹಿಡಿದು ಹಿತ್ತಲಿಗೆ ನಡೆದರು. ನಾನು ಹಿಂದೆಯೇ ಹೋದೆ. ಬಚ್ಚಲ ನೀರು ಹೋಗುವಲ್ಲಿ, ಬಾಳೆಯ ಬುಡಕ್ಕೆ ಅದನ್ನು ಬಗ್ಗಿಸಿದರು. ರಮ್ಮು ಗಳಗಳನೆ ಸುರಿದುಹೋಯಿತು. ನನಗೆ ಅಳು ತಡೆಯಲಾಗಲಿಲ್ಲ.

"ಬಾಳೆಗಿಡಕ್ಕೆ ಇವತ್ತು ಹಬ್ಬ" ಎಂದರು, ನನ್ನ ಮುಖ ನೋಡದೆ.

ಬಿಸಿನೀರು, ಅಕ್ಕಿಕಾಳು ಹಾಕಿ ಕುಲುಕಿ ತೊಳೆದು, ಬಾಟಲಿಯನ್ನು ಕಣದಲ್ಲಿ ಕಾಫಿಯ ಪಕ್ಕ ಒಣಗಲಿಟ್ಟರು. ಕಾಫಿ ಕೆದಕುತ್ತಿದ್ದ ಹೆಂಗಸು, "ಅಮ್ಮಾ, ಯಜಮಾನ್ರು ಈ ವರ್ಷ ಕಾಫಿ ಜೊತೆ ಬಾಟ್ಲಿನೂ ಕ್ಯೂರಿಂಗ್ ಮಿಲ್ಲಿಗೆ ಕಳಿಸ್ತಾರಾ?" ಎಂದು ನಕ್ಕಳು. ಒಣಗಿದ ಮೇಲೆ ಅದರ ಬಾಯಿಗೆ ಮೂಗಿಟ್ಟು ಮೂಸಿದೆ. ಯಾವ ವಾಸನೆಯೂ ಇರಲಿಲ್ಲ. "ಹುಟ್ಟುಗುಣ ಸುಟ್ಟರೂ ಹೋಗಲ್ಲ" ಎಂದು ಅವರು ನನ್ನ ಮಾತನ್ನು ನನಗೇ ತಿರುಗಿಸಿದರು. ಲೇಬಲ್ ಉಜ್ಜಿ ತೆಗೆದವರು ನನ್ನ ಸ್ಟಿಕರನ್ನು ಮಾತ್ರ ಮುಟ್ಟಿರಲಿಲ್ಲ. ಕಣ್ಣಿಗೆ ಬಿದ್ದಿಲ್ಲ ಎಂದುಕೊಂಡು ಸುಮ್ಮನಾದೆ.

ನೀಲಿ ಬಣ್ಣ ಕಲಸಿದ ಪುಟ್ಟಿಯನ್ನು ಕೊಡೆಕಡ್ಡಿಯಿಂದ ಒಳಗೆ ಹರಡಿ ಸಮುದ್ರ ಮಾಡಿದರು. ಹಡಗನ್ನು ತೂರಿಸಿ ಅದರ ಮೇಲೆ ಕೂರಿಸಿ, ದಾರದ ತುದಿಯನ್ನು ನನ್ನ ಕೈಗಿತ್ತರು.

"ನೀನೇ ಎಳಿ. ಮೆಲ್ಲಗೆ."

ಎಳೆದೆ. ಪಂಚೆಯ ಹಾಯಿಗಳು ಒಂದೊಂದಾಗಿ ಎದ್ದವು. ಅವುಗಳ ಹಿಂದೆ ಗಾಜಿನ ಮೇಲೆ ನನ್ನ ಸ್ಟಿಕರ್ ಕೆಂಪಗೆ, ದುಂಡಗೆ ಕಾಣುತ್ತಿತ್ತು. ನಾಚಿಕೆಯಾಗಿ ಉಗುರಿನಿಂದ ಕೀಳಲು ಹೋದೆ. ಅವರು ಕೈ ಹಿಡಿದರು.

"ಬೇಡ. ಹಡಗಿಗೆ ಸೂರ್ಯ ಬೇಡ್ವಾ?"

"ಯಾವಾಗ ನೋಡಿದ್ರಿ ಇದನ್ನ?"

"ನೀನು ಅಂಟಿಸಿದ ದಿನಾನೇ. ಸ್ನಾನ ಮುಗಿಸಿ ಬಂದೆ, ನಿನ್ನ ಹಣೆ ಬೋಳಾಗಿತ್ತು. ಹೆದರಿಕೆ ಆಯ್ತು ಕಣೆ. ಬಾಟ್ಲಿ ನೋಡಿದ್ದು ಆಮೇಲೆ."

ದಾರ ಬಿಡದೆ, ಇನ್ನೊಂದು ಕೈಯಿಂದ ಹಣೆ ಮುಟ್ಟಿ ನೋಡಿಕೊಂಡೆ. ಸ್ಟಿಕರ್ ಇತ್ತು.