ನಾನು ತಪ್ಪು ಓದಿದ ಒಂದು ಶಬ್ದ

ಅದು ೨೦೦೬ನೇ ಇಸವಿ. ನಾನು ಆಗ ಹೈದರಾಬಾದಿನ ಬಾಲಾನಗರದಲ್ಲಿ ಲೇತ್ ಮಷಿನ್ ನಡೆಸುತ್ತಿದ್ದೆ. ಊರು ಸುರಪುರ. ಚಿಕ್ಕಂದಿನಲ್ಲಿ ಶಾಲೆ ಬಿಟ್ಟವನು, ಮೂವತ್ತೊಂದನೇ ವಯಸ್ಸಿಗೆ ಹತ್ತನೇ ತರಗತಿ ಪಾಸು ಮಾಡಿದ್ದೆ. ಸಂಜೆ ಅಮೀರ್‌ಪೇಟ್‌ನಲ್ಲಿ ಸಾಫ್ಟ್‌ವೇರ್ ಕಲಿಯುವ ಹುಡುಗರ ನಡುವೆ ಇಂಗ್ಲಿಷ್ ಕ್ಲಾಸಿಗೆ ಕೂರುತ್ತಿದ್ದೆ. ಕಾರ್ಖಾನೆಯ ಕನ್ನಡದವರು ನನ್ನನ್ನು ‘ಮಾಸ್ತರ’ ಅನ್ನುತ್ತಿದ್ದರು. ತಮಾಷೆಗೆ ಅಂದರೂ ನನಗೆ ಅದು ಹಿತವಾಗಿತ್ತು.

ಪಕ್ಕದ ಮಷಿನ್ನಿನ ಶರಣಪ್ಪ ಹಿಂದಿನ ವರ್ಷ ಶೆಡ್ಡಿನ ಮೇಲೆ ಹತ್ತಿದ್ದಾಗ ಶೀಟು ಮುರಿದು ಬಿದ್ದಿದ್ದ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಸರಕಾರಿ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಿದ ಮೇಲೆ ಗಾಲಿಕುರ್ಚಿಯಲ್ಲಿ ಕೂರುವಷ್ಟಾದ. ಕಾರ್ಖಾನೆಯ ಮಾಲೀಕರಾದ ನಮ್ಮ ಸೇಠ್ ಒಳ್ಳೆಯವರು. ಟೂಲ್ ಸ್ಟೋರಿನಲ್ಲಿ ಕುಳಿತು ಮಾಡುವ ಕೆಲಸ ಕೊಡುತ್ತೇನೆ, ಬರುವ ತಿಂಗಳಿಂದ ಬಾ ಎಂದಿದ್ದರು.

ಅಷ್ಟರಲ್ಲಿ ಯಾರೋ ಒಂದು ಖಾಸಗಿ ಕ್ಲಿನಿಕ್ಕಿನ ಸುದ್ದಿ ತಂದರು. ಅಲ್ಲಿ ಸ್ಟೆಮ್ ಸೆಲ್ ಚಿಕಿತ್ಸೆ ಕೊಡುತ್ತಿದ್ದರು. ರೋಗಿಯದೇ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಅದರಿಂದ ಕೋಶಗಳನ್ನು ಬೇರೆ ಮಾಡಿ ಬೆನ್ನಿಗೆ ಚುಚ್ಚುತ್ತಾರೆ, ಕೆಟ್ಟ ನರ ಮತ್ತೆ ಬೆಳೆಯಬಹುದು ಎಂದರು. ಶರಣಪ್ಪ ಮತ್ತು ಅವನ ಹೆಂಡತಿ ನೀಲಮ್ಮನ ಜೊತೆ ನಾನೂ ಹೋದೆ.

ಕೌಂಟರಿನ ಹುಡುಗಿ ಸಹಿಗೆ ಇಂಗ್ಲಿಷ್ ಕಾಗದ ಕೊಟ್ಟಳು.

“ಮಾಸ್ತರ, ನೀ ಓದಿ ಹೇಳಪಾ. ಇವರ ಕೈಯಾಗ ಬೆನ್ನು ಕೊಡೂದೈತಿ,” ಅಂದ ಶರಣಪ್ಪ.

ಬೆರಳಿಟ್ಟು ಓದುತ್ತಾ ಹೋದೆ. ಮಧ್ಯದಲ್ಲಿ ‘ಎಕ್ಸ್‌ಪೆರಿಮೆಂಟಲ್’ ಅಂತ ಬಂತು. ಅಲ್ಲಿ ತಡವರಿಸಿದೆ. ಅಮೀರ್‌ಪೇಟ್‌ನ ಗೋಡೆಗಳ ಮೇಲಿನ ಜಾಹೀರಾತುಗಳಲ್ಲೆಲ್ಲ ‘ಎಕ್ಸ್‌ಪೀರಿಯನ್ಸ್’ ಅನ್ನುವ ಶಬ್ದ ನೋಡಿದ್ದೆ, ಇದೂ ಅದೇ ಇರಬೇಕು ಅಂದುಕೊಂಡೆ. ಒಳಗೆ ಅನುಮಾನವೂ ಇತ್ತು. ನಾನು ತಡೆದದ್ದನ್ನು ನೋಡಿ ಹುಡುಗಿ, “ಕುಛ್ ಪೂಛನಾ ಹೈ ಭಾಯ್?” ಏನಾದರೂ ಕೇಳುವುದಿದೆಯೇ ಎಂದು ಹಿಂದಿಯಲ್ಲಿ ಕೇಳಿದಳು. ನೀಲಮ್ಮನ ಎದುರು ಅರ್ಥ ಕೇಳಲು ಮನಸ್ಸಾಗಲಿಲ್ಲ. ಏನೂ ಇಲ್ಲ ಅಂದುಬಿಟ್ಟೆ.

“ಏನ್ ಬರದಾರೋ?” ಅಂದ ಶರಣಪ್ಪ.

“ಭಾಳ ಅನುಭವ ಇರೋ ಚಿಕಿತ್ಸಾ ಅಂತ ಬರದಾರ.”

“ಅನುಭವ ಐತೆಂದ್ರ ಮುಗೀತ್ ಬಿಡು,” ಎಂದು ಶರಣಪ್ಪ ಸಹಿ ಮಾಡಿದ. ಮರುದಿನ ಸೇಠ್‌ಗೆ ಫೋನ್ ಮಾಡಿ, ಸ್ಟೋರಿನ ಕೆಲಸ ಬೇಡ, ಮೂರು ತಿಂಗಳಲ್ಲಿ ನಡೆದುಕೊಂಡು ಬಂದು ಮಷಿನ್ನಿಗೇ ನಿಲ್ಲುತ್ತೇನೆ ಎಂದ. ಆ ವಾರವೇ ಸೂಜಿ ಹಾಕಿದರು.

ಮೂರು ವಾರದ ಮೇಲೆ ಕ್ಲಾಸಿನಲ್ಲಿ ನಮ್ಮ ಸರ್ ಎರಡೂ ಶಬ್ದಗಳನ್ನು ಬೋರ್ಡಿನ ಮೇಲೆ ಬರೆದರು. “ಎಕ್ಸ್‌ಪೀರಿಯನ್ಸ್ ಅಂಟೇ ಅನುಭವಂ. ಎಕ್ಸ್‌ಪೆರಿಮೆಂಟ್ ಅಂಟೇ ಪ್ರಯೋಗಂ,” ಎಂದು ತೆಲುಗಿನಲ್ಲಿ ಬಿಡಿಸಿ ಹೇಳಿದರು. ಕ್ಲಿನಿಕ್ಕಿನ ಕಾಗದ ನೆನಪಾಯಿತು. ಇದು ಇನ್ನೂ ಪ್ರಯೋಗದಲ್ಲಿರುವ ಚಿಕಿತ್ಸೆ ಎಂದು ಅವರು ಬರೆದೇ ಕೊಟ್ಟಿದ್ದರು.

ಸ್ಟೋರಿನ ಕುರ್ಚಿ ಆಗಿನ್ನೂ ಖಾಲಿ ಇತ್ತು. ಅಂದೇ ಹೋಗಿ ಹೇಳಬಹುದಿತ್ತು. ಗುಣ ಆದರೂ ಆಗಬಹುದು, ಸುಮ್ಮನೆ ಯಾಕೆ ಹೇಳಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಹದಿನೈದು ದಿನದಲ್ಲಿ ಆ ಜಾಗಕ್ಕೆ ಬೇರೆಯವರು ಬಂದರು.

ಐದು ತಿಂಗಳಾದರೂ ಶರಣಪ್ಪನ ಕಾಲು ಅಲುಗಲಿಲ್ಲ. ಪ್ರತಿ ಭಾನುವಾರ ಹೋಗುತ್ತಿದ್ದೆ. ನೀಲಮ್ಮ ಚಹಾ ಕೊಡುತ್ತಿದ್ದಳು, ಶರಣಪ್ಪ ತನ್ನ ಮೈಯನ್ನೇ ಬೈದುಕೊಳ್ಳುತ್ತಿದ್ದ. ಒಂದು ಭಾನುವಾರ ಅವನು ತೊಡೆ ತಟ್ಟಿಕೊಳ್ಳುತ್ತಾ ಹೇಳಿದ: “ಅಷ್ಟು ಅನುಭವ ಇದ್ದೋರು ಮಾಡಿದ್ರೂ ಹತ್ತಲಿಲ್ಲ ನೋಡು ಮಾಸ್ತರ. ಎಲ್ಲಾರಿಗೂ ಹತ್ತೈತಿ, ನನ್ನ ಮೈಯಾಗ ಏನೋ ಕೊರತಿ ಐತಿ.”

ಇನ್ನು ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ. “ಶರಣಪ್ಪಾ, ಆ ಕಾಗದದಾಗ ಅನುಭವ ಅಂತ ಇರಲಿಲ್ಲೋ. ಪ್ರಯೋಗ ಅಂತಿತ್ತು. ನನಗ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಾಕ ನಾಚಿಕಿ ಆತು.”

ಅವನು ತೊಡೆ ತಟ್ಟುವುದನ್ನು ನಿಲ್ಲಿಸಿದ. ಆಮೇಲೆ ಕೇಳಿದ: “ಹಂಗಾದ್ರ ತಪ್ಪು ನನ್ನ ಮೈದಲ್ಲೇನು?”

ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ಏನೋ ಭಾರ ಇಳಿದ ಹಾಗಿತ್ತು. ಅದನ್ನು ನೋಡಲಾಗದೆ ತಲೆ ತಗ್ಗಿಸಿದೆ.

“ನಿಮಗ ಯಾವಾಗ ತಿಳೀತ್ರಿ ಇದು?” ಅಂದಳು ನೀಲಮ್ಮ.

“ಸೂಜಿ ಹಾಕಿದ ಮೂರು ವಾರಕ್ಕ.”

ಅವಳು ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದಳು. ಶರಣಪ್ಪ ಮೆಲ್ಲಗೆ ಅಂದ: “ತಿಳಿದಿದ್ರೂ ಸೂಜಿ ಹಾಕಿಸ್ಕೋತಿದ್ನೇನೋ. ಆದ್ರ ಆ ಸ್ಟೋರಿನ ಕುರ್ಚಿ ಬಿಡತಿರಲಿಲ್ಲಪಾ.”

ಇಷ್ಟು ವರ್ಷದ ಮೇಲೆ ಒಂದೊಂದೇ ಅಕ್ಷರ ಹುಡುಕಿ ಇದನ್ನು ಟೈಪ್ ಮಾಡುತ್ತಿದ್ದೇನೆ. ಓದುವುದರಲ್ಲಿ ತಪ್ಪು ಯಾರಿಗಾದರೂ ಆದೀತು. ಆದರೆ ಅಷ್ಟೂ ಭಾನುವಾರ ಅವನು ತನ್ನ ಮೈಯನ್ನೇ ಬೈದುಕೊಳ್ಳುತ್ತಿದ್ದಾಗ, ಎಲ್ಲ ಗೊತ್ತಿದ್ದೂ ನಾನು ಎದುರು ಕುಳಿತು ಅವರ ಮನೆಯ ಚಹಾ ಕುಡಿದೆನಲ್ಲ, ಅದು ನೆನಪಾದಾಗ ಇವತ್ತಿಗೂ ನನ್ನ ಮುಖ ನನಗೇ ಬೇಡವಾಗುತ್ತದೆ.