ಹುಕ್ಕೇರಿಯಿಂದ ಬಂದ ಅಪ್ಪಣೆ

ಮೂಡಲಗಿಯಲ್ಲಿ ದವಸದ ದಲಾಲಿ ನಡೆಸುವ ಅಡತಿ ಅಂಗಡಿಯೊಂದರಲ್ಲಿ ನನಗೆ ಕಂಪ್ಯೂಟರ್ ಮುಂದೆ ಕೂರುವ ನೌಕರಿ ಸಿಕ್ಕಿತು. ಸೋಮವಾರ ಹಾಜರಾಗದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದಿದ್ದರು. ಸರಿಯಾಗಿ ಅದೇ ವಾರ ನಮ್ಮ ಚಾಚಾನಿಗೆ ಧರ್ಮ ನೆನಪಾಯಿತು.

ಅಬ್ಬಾ ತೀರಿಕೊಂಡ ಮೇಲೆ ಕೊಣ್ಣೂರಿನ ನಮ್ಮ ಮನೆಗೆ ಅಬ್ಬಾನ ತಮ್ಮನಾದ ಅವನೇ ಯಜಮಾನ. ಹುಕ್ಕೇರಿಗೆ ಹೋಗಿ ಅಲ್ಲಿನ ಮೌಲಾನಾ ಒಬ್ಬರನ್ನು ಕೇಳಿ ಬಂದ.

"ಪರಗಂಡಸರ ನಡಕ ಹೆಣ್ಣಮಕ್ಕಳು ದುಡಿಯೂದು ನಮ್ಮ ದೀನದಾಗ, ನಮ್ಮ ಧರ್ಮದಾಗ ಇಲ್ಲ. ಮುಗೀತು!" ಎಂದು ಕಟ್ಟೆಯ ಮೇಲೆ ಕೂತು ಫರ್ಮಾನು ಹೊರಡಿಸಿದ.

ನಾನು ಬಾಯಿ ಮುಚ್ಚಿಕೊಂಡಿರುವ ಪೈಕಿ ಅಲ್ಲ. ಕನ್ನಡ ಕುರ್‌ಆನ್ ತೆರೆದು, ಗಂಡಸರ ಗಳಿಕೆಯಲ್ಲಿ ಗಂಡಸರಿಗೆ ಪಾಲು, ಹೆಂಗಸರ ಗಳಿಕೆಯಲ್ಲಿ ಹೆಂಗಸರಿಗೆ ಪಾಲು ಎನ್ನುವ ಆಯತ್ ಓದಿದೆ.

"ಅದು ಕನ್ನಡದಾಗ ಐತಿ. ಅರಬ್ಬಿ ಬರದವರು ಅರ್ಥ ಹೇಳಬಾರದು."

"ನಿಮಗ ಬರತೈತೇನ್ರಿ, ಚಾಚಾ?"

"ಓದಾಕ ಬರತೈತಿ."

ಬೇಡ ಅನ್ನಲು ಕೊಣ್ಣೂರಿನ ಕನ್ನಡ ಸಾಕಿತ್ತು, ಹೂಂ ಅನ್ನಲು ಮಾತ್ರ ಅರಬ್ಬಿಯೇ ಬೇಕಿತ್ತು.

ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದ ಅಮ್ಮಿ ಕೈ ಒರೆಸಿಕೊಂಡು ಹೊರಗೆ ಬಂದಳು. ಚಾಚಾನ ಕಬ್ಬಿನ ಹೊಲದಲ್ಲಿ ಗಂಡಾಳುಗಳ ಜೊತೆ ವರ್ಷಗಟ್ಟಲೆ ಕಸ ತೆಗೆದವಳು ಅವಳು.

"ಹಂಗಾರ ಪಾಪ ಆತಲ್ಲಪಾ! ನಾಳಿಂದ ನಾ ನಿನ್ನ ಹೊಲಕ್ಕ ಬರಂಗಿಲ್ಲ. ಇಷ್ಟ ದಿನದ ಪಾಪಕ್ಕ ಏನ್ ಮಾಡ್ಲಿ, ಅದನ್ನೂ ಕೇಳ್ಕೊಂಡ ಬಾ."

"ಭಾಬಿ, ಹೊಲಾ ಬ್ಯಾರೇ, ಆಫೀಸ್ ಬ್ಯಾರೇ!"

"ಯಾಕ, ಹೊಲದಾಗಿನವರು ಗಂಡಸರಲ್ಲೇನು?"

ಚಾಚಾ ಟೋಪಿ ಸರಿಮಾಡಿಕೊಂಡ. ಖುರ್ಚಿ, ಫ್ಯಾನು, ಪಗಾರ ಬಂದಾಗಲೇ ನೋಡಿ ಈ ಪರಗಂಡಸರು ಹುಟ್ಟಿಕೊಳ್ಳುವುದು. ಬಗ್ಗಿ ಕಸ ತೆಗೆಯುವಾಗ ಅವರೆಲ್ಲ ಅಣ್ಣತಮ್ಮಂದಿರು.

ಮರುದಿನದಿಂದ ಅಮ್ಮಿ ಮನೆಯಲ್ಲೇ ಕೂತು ಗೋದಿ ಹಸನು ಮಾಡತೊಡಗಿದಳು. ಅತ್ತ ಕಬ್ಬಿನಲ್ಲಿ ಕಸ ಮೊದಲೇ ಮೊಣಕಾಲಿಗೆ ಬಂದಿತ್ತು, ಬೇರೆ ಆಳು ಸಿಗಲಿಲ್ಲ. ಚಾಚಾ ಮತ್ತೆ ಹುಕ್ಕೇರಿ ಬಸ್ಸು ಹತ್ತಿದ. ಈ ಸಲ ಪ್ರಶ್ನೆಯನ್ನೇ ಬದಲಿಸಿದ್ದನಂತೆ: ಅಡಚಣೆ ಇದ್ದಾಗ ಹೆಣ್ಣುಮಕ್ಕಳು ಮರ್ಯಾದೆಯಿಂದ ದುಡಿದರೆ ನಡೆಯುತ್ತದೆಯೇ? ಅದರಲ್ಲಿ ತಪ್ಪೇನಿದೆ ಅಂದರಂತೆ ಮೌಲಾನಾ. ಅಡಚಣೆ ಯಾರದು ಅಂತ ಅವರೂ ಕೇಳಲಿಲ್ಲ, ಇವನೂ ಹೇಳಲಿಲ್ಲ.

"ನಮ್ಮ ದೀನದಾಗ ಹೆಣ್ಣಮಕ್ಕಳಿಗೆ ಭಾಳ ಸವಲತ್ತು ಐತಿ. ನೀವು ತಿಳ್ಕೋಬೇಕಷ್ಟ," ಎಂದು ನನಗೇ ಬುದ್ಧಿ ಹೇಳಿದ.

ಸೋಮವಾರ ನಾನು ಮೂಡಲಗಿಗೆ ಹೋಗಲು ಗೋಕಾಕ ಬಸ್ಸಿಗೆ ಹೊರಟಾಗ ಅಮ್ಮಿ ಕುಡಗೋಲು ಹಿಡಿದು ಅವನ ಹೊಲಕ್ಕೇ ಹೊರಟಿದ್ದಳು.

"ಇನ್ನ ಯಾಕ ಹೋಗತಿ ಅಮ್ಮಿ? ನಾ ದುಡಿಯಾಕ ಹೊಂಟೇನಲ್ಲ."

"ನೀ ಬಸ್ ಹಿಡಿ," ಅಂದಳು. "ನಾ ಹೋಗಲಿಲ್ಲಂದ್ರ ಅಂವ ಮತ್ತ ಹುಕ್ಕೇರಿಗೆ ಹೋಗತಾನ."